ಸತ್ತ ಗಂಡನ ಮೇಲೆ ದೂರು

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪುಟ್ಟಸಿದ್ದಮ್ಮನ ಗಂಡ ತೀರಿಕೊಂಡ. ಮರಣ ಪ್ರಮಾಣಪತ್ರದಲ್ಲಿ ಅವನು ಬೈಲಪ್ಪ, ಜಮೀನಿನ ಪಹಣಿಯಲ್ಲಿ ಬೈಲಯ್ಯ. ಎರಡನ್ನೂ ಬರೆದದ್ದು ಸರ್ಕಾರದ ಕೈಯೇ. ಆದರೂ ತಾಲ್ಲೂಕು ಕಚೇರಿಯ ಶಿರಸ್ತೇದಾರರು ಜಮೀನನ್ನು ಅವಳ ಹೆಸರಿಗೆ ಮಾಡಿಕೊಡಲಿಲ್ಲ.

"ಸತ್ತಿರೋನು ಬೈಲಪ್ಪ ಕಣಮ್ಮ. ಬೈಲಯ್ಯ ಬೇರೆ. ಅವನು ಸತ್ತ ಅಂತ ನಮ್ಮ ಇಲಾಖೆಯೋರು ಬರೆದಿರೋ ಕಾಗದ ತಗೊಂಡು ಬಾ."

ಏಳು ಸಲ ಅಲೆದ ಮೇಲೆ ಅವಳು ಅದೇ ಕಚೇರಿಗೆ ದೂರು ಕೊಟ್ಟಳು: 'ಪಹಣಿಯಲ್ಲಿರುವ ಬೈಲಯ್ಯ ಸರ್ಕಾರದ ಬಂಡಿದಾರಿ ಒತ್ತುವರಿ ಮಾಡಿದ್ದಾನೆ.'

ಒತ್ತುವರಿ ಎಂದರೆ ಕಚೇರಿಗೆ ಕಾಲು ಬರುತ್ತದೆ. ಮೂರೇ ದಿನಕ್ಕೆ ಗ್ರಾಮಲೆಕ್ಕಿಗ ನೋಟಿಸು ಹಿಡಿದು ಬಂದ. ನೆರೆಯವರ ಸಹಿ ಹಾಕಿಸಿ ವರದಿ ಬರೆದ: 'ಒತ್ತುವರಿ ಇಲ್ಲ. ಪಹಣಿಯ ಬೈಲಯ್ಯ ಮೃತ. ಹೆಂಡತಿ ಪುಟ್ಟಸಿದ್ದಮ್ಮ ಇದ್ದಾಳೆ.'

ಅದರ ನಕಲನ್ನು ಅವಳು ಮೇಜಿನ ಮೇಲಿಟ್ಟಳು. ಶಿರಸ್ತೇದಾರರು ಎರಡು ಸಲ ಓದಿದರು.

"ಗಂಡನ ಮೇಲೇ ಸುಳ್ಳು ದೂರು ಕೊಟ್ಟೆಯಾ?"

"ಆ ಬೈಲಯ್ಯ ನನ್ನ ಗಂಡ ಅಲ್ಲ ಅಂತ ನೀವೇ ಅಂದ್ರಲ್ಲ ಸ್ವಾಮಿ."

ಅವರು ಜಮೀನನ್ನು ಅವಳ ಹೆಸರಿಗೆ ಮಾಡುವ ಕಾಗದಕ್ಕೆ ಸಹಿ ಹಾಕಿದರು. ಕಚೇರಿಯೆಲ್ಲ ನಕ್ಕಿತು. ಅವಳು ನಗಲಿಲ್ಲ.

"ಬದುಕಿದ್ದಾಗ ಒಬ್ಬರ ಬೇಲಿ ಮುಟ್ಟಿದೋರಲ್ಲ ಅವರು. ಆ ದೂರು ವಾಪಸ್ ಕೊಡಿ ಸ್ವಾಮಿ, ಹರಿದು ಹಾಕ್ತೀನಿ."

"ಅದು ಫೈಲಿಗೆ ಸೇರಿಹೋಯ್ತಮ್ಮ," ಅಂದರು ಶಿರಸ್ತೇದಾರರು. "ಇನ್ನು ತೆಗೆಯೋಕೆ ಬರಲ್ಲ."