ಅಟ್ಟದ ಮೇಲಿನ ಗೋಡೆ

"ಗುರುಗಳೇ, ಎಷ್ಟೋ ಊರು ಅಲೆದೆ, ಎಷ್ಟೋ ಉಪವಾಸ ಮಾಡಿದೆ. ಒಳಗಿನ ಬೇಗೆ ಯಾಕೆ ಇಳಿಯುತ್ತಿಲ್ಲ?" ಎಂದು ಮರುಳಯ್ಯ ಕೇಳಿದ. ಊದಿದ ಕಾಲು ಚಾಚಿ ಮಠದ ಕಟ್ಟೆಯ ಮೇಲೆ ಕೂತಿದ್ದ. ಕೇಳಿ ಕೇಳಿ ಅವನಿಗೇ ಬೇಸರ ಬಂದಿದ್ದ ಪ್ರಶ್ನೆ ಅದು.

ಗುರುಗಳು ಹೇಳಿದರು.

ಒಬ್ಬ ನೇಕಾರನಿದ್ದ. ಅವನೂ ಅವನ ಅಣ್ಣನೂ ಜಗಳವಾಡಿ, ತಂದೆಯ ಹೆಂಚಿನ ಮನೆಯನ್ನು ಎರಡು ಪಾಲು ಮಾಡಿಕೊಂಡರು. ನಡುವೆ ಗೋಡೆ ಎದ್ದಿತು. ನೇಕಾರನಿಗೆ ಅಷ್ಟು ಸಾಲಲಿಲ್ಲ. ಅಣ್ಣನ ಮನೆಯ ಮಾತೂ ಕಿವಿಗೆ ಬೀಳಬಾರದೆಂದು ಅಟ್ಟ ಹತ್ತಿ, ಅಲ್ಲಿಯೂ ಸೂರು ಮುಟ್ಟುವ ತನಕ ಇಟ್ಟಿಗೆ ಕಟ್ಟಿದ.

ಬೇಸಿಗೆ ಬಂತು. ಮನೆ ಕುಲುಮೆಯಾಯಿತು. ತೊಟ್ಟಿಲಲ್ಲಿ ಮೂರು ತಿಂಗಳ ಮಗು. ಮೈತುಂಬ ಬೆವರುಸಾಲೆ, ಮೊಲೆ ಹಿಡಿಯದು, ಅತ್ತು ಅತ್ತು ದನಿಯೇ ಉಡುಗಿಹೋಯಿತು. ನೇಕಾರ ನೆಲಕ್ಕೆ ನೀರು ಹಾಕಿದ. ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ. ಹೆಂಚಿಗೆ ಸುಣ್ಣ ಬಳಿದ, ಅದರ ಮೇಲೆ ತೆಂಗಿನ ಗರಿ ಹೊದಿಸಿದ. ಬೇಗೆ ಇಳಿಯಲಿಲ್ಲ, ಅವನೇ ಸೋತ. ಕೊನೆಗೆ ಹೆಂಚು ಹೊದಿಸುವವನನ್ನು ಕರೆತಂದ.

ಅವನು ಅಟ್ಟದೊಳಗೆ ತಲೆ ತೂರಿಸಿ, ಕೂಡಲೇ ಇಳಿದು ಬಂದ.

"ಕಾದ ಗಾಳಿ ಹೋಗಲು ದಾರಿಯಿಲ್ಲದೆ ಮೇಲೆ ಕೂತಿದೆಯಪ್ಪ. ನಿಮ್ಮಪ್ಪ ಈ ಕೊನೆಗೊಂದು, ಆ ಕೊನೆಗೊಂದು ಕಿಂಡಿ ಇಟ್ಟು ಕಟ್ಟಿಸಿದ ಮನೆ ಇದು. ಈ ಕಡೆ ಬಂದದ್ದು ಅಣ್ಣನ ಕಡೆಯಿಂದ ಹೋಗಬೇಕು. ಅಟ್ಟದ ಮೇಲಿನ ಗೋಡೆ ಒಡೆ."

"ಅದೊಂದು ಬಿಟ್ಟು ಬೇರೆ ಏನಾದರೂ ಹೇಳು."

"ಬೇರೆಯದನ್ನೆಲ್ಲ ನೀನೇ ಮಾಡಿ ಮುಗಿಸಿದ್ದೀಯಲ್ಲ" ಎಂದು ಅವನು ಏಣಿ ಹೆಗಲಿಗೇರಿಸಿ ಹೊರಟ.

ನೇಕಾರ ತೊಟ್ಟಿಲು ನೋಡಿದ. ಹಾರೆ ಹಿಡಿದು ಅಟ್ಟ ಹತ್ತಿದ. ನಾಲ್ಕು ಪೆಟ್ಟು ಬಿದ್ದ ಮೇಲೆ ಆಚೆಯಿಂದ ಅಣ್ಣನ ದನಿ ಬಂತು.

"ಯಾರೋ ಅದು? ಹೆಗ್ಗಣವೋ, ಮನುಷ್ಯನೋ?"

"ನಾನಣ್ಣ."

ಆಮೇಲೆ ಆ ಕಡೆಯಿಂದಲೂ ಪೆಟ್ಟು ಬೀಳತೊಡಗಿತು.

"ಮೆಲ್ಲಗೆ ಹೊಡಿಯೋ. ಕಟ್ಟುವಾಗಲೂ ನಿನಗೆ ಇದೇ ಅವಸರ. ಇಲ್ಲಿ ನಾವೂ ಬೆಂದುಹೋಗಿದ್ದೇವೆ."

ಸಂಜೆಗೆ ಅಟ್ಟದಲ್ಲಿ ಗಾಳಿ ಹಾಯಿತು. ಮಗು ಮೊಲೆ ಹಿಡಿಯಿತು, ನಿದ್ದೆ ಹೋಯಿತು.

ಗುರುಗಳು ಕಥೆಯನ್ನು ಅಲ್ಲಿಗೇ ನಿಲ್ಲಿಸಿದರು. ಮರುಳಯ್ಯ ಕಾದು ನೋಡಿದ.

"ಅಣ್ಣತಮ್ಮಂದಿರು ಮತ್ತೆ ಒಂದಾದರೇ, ಗುರುಗಳೇ?"

ಗುರುಗಳು ಅವನ ಊದಿದ ಕಾಲನ್ನೇ ನೋಡುತ್ತಿದ್ದರು.

"ಊರು ಬಿಟ್ಟ ದಿನ ನೀನು ಯಾರ ಕಡೆಗೆ ಗೋಡೆ ಕಟ್ಟಿ ಬಂದೆ, ಮರುಳಯ್ಯ?"