ಕುಂಚಜ್ಜಿ ಬಿಡಿಸಿದ ಸುಕ್ಕು

"ಹತ್ತಿರ ಬಾ. ಯಾರ ಕಿವಿಗೂ ಹಾಕಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡು," ಎಂದು ಅಂಟಿನ ಕುಂಚಜ್ಜಿ ದನಿ ತಗ್ಗಿಸಿ ಪಕ್ಕದ ಬ್ಲೇಡಿಗೆ ಹೇಳಿದಳು. "ಆಟದ ವಿಮಾನದ ರೆಕ್ಕೆಗೆ ಹೊದಿಸಿದ್ದಾರಲ್ಲ ಹೊಸ ತೆಳುಕಾಗದ, ಮೈತುಂಬ ಸುಕ್ಕು ಕಣೇ! ಮರ್ಯಾದಸ್ಥರ ಮನೆಯಲ್ಲಿ ಹೀಗೆ ಜೋಲಾಡಿಕೊಂಡು ಇರ್ತಾರಾ?"

ರೆಕ್ಕೆಯ ಕಡ್ಡಿಗಳಿಗೆ ಅದು ಕೇಳಿಸಿತು. "ಅಜ್ಜಿ, ನಾವು ಹುಲ್ಲೆಳೆಯಷ್ಟು ಸಣ್ಣ, ಹಾರೋದು ಗಾಳಿ ಬೀಸದ ಹಾಲ್‌ನೊಳಗೆ. ಈ ಕಾಗದದವಳು ಸಡಿಲವಾಗಿದ್ದರೇನೇ ನಾವು ನೆಟ್ಟಗಿರೋದು. ಸಂಜೆ ಪಂದ್ಯ ಇದೆ, ಸುಮ್ಮನಿರು," ಎಂದವು.

"ಮನೆಯವರೇ ಹೀಗೆ ತಲೆ ಮೇಲೆ ಕೂರಿಸಿಕೊಂಡರೆ ಇನ್ನೇನಾಗುತ್ತೆ!" ಎಂದು ಉರಿದುಬಿದ್ದ ಅಜ್ಜಿ, ನೀರಲ್ಲಿ ಮುಳುಗಿ ಬಂದು ಕಾಗದದ ಮೈಗೆಲ್ಲ ನೀರು ಬಳಿದಳು. ಒಣಗುತ್ತ ಒಣಗುತ್ತ ಕಾಗದ ಬಿಗಿಯಿತು, ಸುಕ್ಕೆಲ್ಲ ಹೋಯಿತು, ಕಡ್ಡಿಗಳು ಬಾಗಿ ರೆಕ್ಕೆ ಸುಟ್ಟ ಹಪ್ಪಳದಂತೆ ಮುರುಟಿತು. ಸಂಜೆ ವಿಮಾನ ಮೇಲೇಳುತ್ತಲೇ ಮಗುಚಿ ನೆಲಕ್ಕೆ ಬಿತ್ತು.

"ನಾನು ಹೇಳಲಿಲ್ಲವಾ? ಆ ಕಾಗದದ ನಡತೆನೇ ಸರಿಯಿಲ್ಲ!" ಎಂದು ಅಜ್ಜಿ ಕೂಗಾಡಿದಳು.

ಬ್ಲೇಡು ಮುಖಕ್ಕೇ ಹೇಳಿದಳು: "ಅಜ್ಜಿ, ಸುಕ್ಕು ಇದ್ದದ್ದು ಅವಳ ಮೈಮೇಲೆ, ಉರಿ ಹತ್ತಿದ್ದು ನಿನಗೆ. ಮಧ್ಯಾಹ್ನದವರೆಗೂ ಆ ಮನೆ ನೆಟ್ಟಗಿತ್ತು. ಸೊಟ್ಟಗಾಗಿದ್ದು ನೀನು ಕಾಲಿಟ್ಟ ಮೇಲೆ."