ಸೊಪ್ಪಿನವಳ ಕೂಗು

“ಗುರುಗಳೇ, ಬಸ್ ನಿಲ್ದಾಣದಲ್ಲಿ ಕೊಳಲೂದುವ ಒಬ್ಬ ಅಜ್ಜನ ವಿಡಿಯೊ ಮಾಡಿ ಹಾಕಿದ್ದೆ. ಲಕ್ಷಾಂತರ ಜನ ನೋಡಿದರು, ನನಗೆ ಹಣವೂ ಬಂತು. ಊದಿದವರು ಅವರು, ತಿದ್ದಿ ಹಾಕಿದವನು ನಾನು. ಅವರಿಗೆ ಎಷ್ಟು ಪಾಲು ಕೊಟ್ಟರೆ ನ್ಯಾಯ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಪಾಲು ಹಾಕಲು ನಾನೇನು ಶಾನುಭೋಗನೇ? ಆದರೂ ಕೊಡಬೇಕು ಅನ್ನಿಸಿತಲ್ಲ, ಸಂತೋಷ. ಕೂತುಕೋ” ಎಂದು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಸೊಪ್ಪು ಮಾರುವವಳಿದ್ದಳು. ‘ದಂಟಿನ ಸೊಪ್ಪೂ’ ಎಂದು ಕೂಗಿ, ಅರೆಗಳಿಗೆ ಸುಮ್ಮನಾಗಿ, ಮತ್ತೆ ಕೂಗುತ್ತ ಬೀದಿ ಸುತ್ತುವಳು. ಅದೇ ಬೀದಿಯ ಒಬ್ಬ ಯುವಕನಿಗೆ ಆ ಕೂಗು ಹಿಡಿಸಿತು. ಫೋನಿನಲ್ಲಿ ವಿಡಿಯೊ ಮಾಡಿಕೊಂಡ. ಅವಳು ಸುಮ್ಮನಾಗುವ ಕಡೆ ಬರಿದೋ ಬರಿದು ಎನ್ನಿಸಿ, ಅಲ್ಲಿಗೆ ತಮಟೆಯ ಏಟು ಸೇರಿಸಿ ಅಂತರಜಾಲಕ್ಕೆ ಬಿಟ್ಟ. ಅದು ಊರೂರಿಗೆ ಹಬ್ಬಿತು. ಮದುವೆಮನೆಗಳಲ್ಲಿ ಜನ ಅದಕ್ಕೆ ಕುಣಿದರು. ಯುವಕನ ಕೈ ತುಂಬಿತು.

ಅವನು ಕೆಟ್ಟವನಲ್ಲ. ಬಂದದ್ದರಲ್ಲಿ ಅರ್ಧ ಎತ್ತಿಕೊಂಡು ಅವಳ ಮನೆಗೆ ಹೋದ. “ಅಮ್ಮಾ, ದನಿ ನಿಮ್ಮದು, ತಮಟೆ ನಂದು. ಸಮಪಾಲು, ತಗೊಳ್ಳಿ” ಎಂದ.

ಅವಳು ತೆಗೆದುಕೊಂಡಳು. ಬೇಡವೆನ್ನಲು ಅವಳೇನು ಸಾಹುಕಾರ್ತಿಯಲ್ಲ. ಆಮೇಲೆ ಹೇಳಿದಳು:

“ನನ್ನ ದನಿ ಇಟ್ಕೋ ಮಗಾ, ಬೇಜಾರಿಲ್ಲ. ಆದ್ರೆ ನಾನು ಸುಮ್ನಾಗೋ ಜಾಗ ನಮ್ಮೆಜಮಾನ್ರುದು. ನಾನು ‘ದಂಟಿನ ಸೊಪ್ಪೂ’ ಅಂದ್ರೆ ಅವ್ರು ಹಿಂದಿನಿಂದ ‘ಈಗ ಕಿತ್ತಿದ್ದೂ’ ಅಂತಿದ್ರು. ಅವ್ರು ಹೋದ್ಮೇಲೂ, ಅಲ್ಲಿ ಒಂಚೂರು ನಿಂತ್ರೆ ಕಿವೀಲಿ ಕೇಳಿಸ್ತಿತ್ತು. ಈಗ ಬೀದಿ ಮಕ್ಕಳೆಲ್ಲ ಅಲ್ಲಿ ಡಂಕಣಕ ಅಂತವೆ. ಅವ್ರು ಕೇಳಿಸ್ತಿಲ್ಲ. ಆ ತಮಟೆ ತೆಗೆದುಬಿಡು ಮಗಾ.”

ಯುವಕ ಅಲ್ಲಿಯೇ ನಿಂತು ವಿಡಿಯೊ ಅಳಿಸಿದ. ಮುಂದೆ ಬರುವ ಹಣ ನಿಂತಿತು. ಅದಕ್ಕೆ ಅವನು ಮರುಗಲೂ ಇಲ್ಲ. ಆದರೆ ಅಷ್ಟರಲ್ಲಿ ಅದು ಸಾವಿರಾರು ಜನರ ಫೋನು ಸೇರಿತ್ತು. ಮರುದಿನ ಅವಳು ಕೂಗಿ ನಿಂತಳು. ಮಕ್ಕಳು ಡಂಕಣಕ ಎಂದವು. ಆಮೇಲೆ ಅವಳು ಕೂಗುವುದನ್ನೇ ಬಿಟ್ಟು, ಮನೆಮನೆಯ ಬಾಗಿಲು ತಟ್ಟಿ ಸೊಪ್ಪು ಮಾರಿದಳು.

ಗುರುಗಳು ಕತೆ ನಿಲ್ಲಿಸಿದರು.

“ಪಾಪ, ಅವನು ನ್ಯಾಯವಾಗಿಯೇ ಕೊಟ್ಟಿದ್ದನಲ್ಲ” ಎಂದ ಶಿಷ್ಯ. “ಹಾಗಾದರೆ ನಾನು ಎಷ್ಟು ಕೊಡಲಿ?”

“ಎಷ್ಟು ಕೊಡಲಿ ಎಂದು ನನ್ನನ್ನು ಕೇಳುತ್ತೀಯಲ್ಲ ಮಗು, ಏನನ್ನು ತೆಗೆದುಕೊಂಡೆ ಎಂದು ಆ ಅಜ್ಜನನ್ನು ಕೇಳಿದೆಯಾ?”